ಬೇಜಾರಾದಾಗ ತಡೆಯಲಾಗದಷ್ಟು ತಿನ್ನುವವರಿಗೆ ಗ್ರೂಪ್ ಥೆರಪಿಯಿಂದ ಉಪಯೋಗ ಇದೆಯಾ?

ಸಿಟ್ಟು, ಬೇಜಾರು ಬಂದಾಗ ಹೊಟ್ಟೆ ಬಿರಿಯುವಷ್ಟು ತಿಂದು ಆಮೇಲೆ ಅಳುತ್ತೀರಿ. ಡಾಕ್ಟರ್ ಗ್ರೂಪ್ ಥೆರಪಿಗೆ ಹೋಗಿ ಅಂದಿದ್ದಾರೆ. ಗುರುತು ಪರಿಚಯ ಇಲ್ಲದವರ ಮುಂದೆ ಇದನ್ನೆಲ್ಲ ಹೇಗೆ ಹೇಳಲಿ ಅಂತ ಕೇಳಿದ್ದೀರಿ, ಅಲ್ವಾ? ನಾನೂ ಅದೇ ನಾಚಿಕೆ ಹೊತ್ತುಕೊಂಡು ಹೋದವಳು. ದಯವಿಟ್ಟು ಹೋಗಿ.

ನಾನು ಸೇರಿದ್ದು ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಅನ್ನುವ ಮನೋಚಿಕಿತ್ಸೆಯ ಗುಂಪಿಗೆ. ಮಾರ್ಷಾ ಲಿನೆಹನ್ ಎಂಬ ಮನಶ್ಶಾಸ್ತ್ರಜ್ಞೆ ರೂಪಿಸಿದ ಈ ಚಿಕಿತ್ಸೆಯನ್ನು ಆಮೇಲೆ ಬಿಂಜ್ ಈಟಿಂಗ್‌ಗೂ, ಅಂದರೆ ಹೀಗೆ ತಡೆಯಲಾಗದಷ್ಟು ತಿನ್ನುವ ತೊಂದರೆಗೂ, ಹೊಂದಿಸಲಾಯಿತು. ತಾಳಲಾಗದ ಭಾವನೆಯಿಂದ ಸ್ವಲ್ಪ ಹೊತ್ತು ತಪ್ಪಿಸಿಕೊಳ್ಳಲು ನಾವು ತಿನ್ನುತ್ತೇವೆ, ಹಾಗಾಗಿ ಭಾವನೆಯನ್ನು ಸಂಭಾಳಿಸಲು ಕಲಿಯಬೇಕು ಅನ್ನುವುದು ಇದರ ಲೆಕ್ಕ. ವಾರಕ್ಕೊಮ್ಮೆ 2 ಗಂಟೆ, ಒಟ್ಟು 20 ವಾರ. ಎಲ್ಲರೂ ಕೂತು ಗೋಳು ಹೇಳಿಕೊಳ್ಳುವ ಜಾಗ ಅಂದುಕೊಂಡಿದ್ದೆ. ನೋಡಿದರೆ ಪಾಠದ ಥರ ಇತ್ತು, ಹೋಮ್‌ವರ್ಕ್ ಕೂಡ ಇತ್ತು.

ಬೇರೆಯವರು ಹೇಳಿದ್ದನ್ನು ಹೊರಗೆ ಹೇಳಬಾರದು ಅನ್ನುವುದು ಗುಂಪಿನ ನಿಯಮ. ಅದಕ್ಕೆ ನನ್ನದನ್ನೇ ಹೇಳುತ್ತೇನೆ. ಒಂದು ಸಲ ತಿಂದದ್ದನ್ನು ಬೋರ್ಡಿನ ಮೇಲೆ ಕೊಂಡಿ ಕೊಂಡಿಯಾಗಿ ಹಿಂದಕ್ಕೆ ಬಿಡಿಸಬೇಕಿತ್ತು. ರಾತ್ರಿ ಹತ್ತಕ್ಕೆ ಅಡುಗೆಮನೆಯಲ್ಲಿ ಲೈಟ್ ಹಾಕದೆ ನಿಂತೇ ತಿಂದೆ. ಅದಕ್ಕೂ ಮೊದಲು? ಅಕ್ಕನ ಫೋನ್. ಅವಳು ಅಂದಿದ್ದಕ್ಕೆಲ್ಲ "ಆಯ್ತು ಬಿಡು" ಅಂದೆ. ಅದಕ್ಕೂ ಮೊದಲು? ಹಿಂದಿನ ರಾತ್ರಿ ಜಾಸ್ತಿ ತಿಂದಿದ್ದೆ ಅಂತ ಮಧ್ಯಾಹ್ನ ಊಟ ಬಿಟ್ಟಿದ್ದೆ. "ಫೋನ್ ಇಟ್ಟಾಗ ಮೈಯಲ್ಲಿ ಏನಾಯ್ತು?" ಅಂತ ಥೆರಪಿಸ್ಟ್ ಕೇಳಿದರು. ಗಂಟಲು ಬಿಗಿದಿತ್ತು, ಕಿವಿ ಬಿಸಿಯಾಗಿತ್ತು. ಅದು ಸಿಟ್ಟು. ಎಷ್ಟೋ ವರ್ಷ ನಾನು ಅದನ್ನೇ ಹಸಿವು ಅಂದುಕೊಂಡಿದ್ದೆ.

ಖಾಲಿ ಪ್ಯಾಕೆಟ್‌ಗಳನ್ನು ಕಸದ ಡಬ್ಬಿಯ ತಳದಲ್ಲಿ ಮುಚ್ಚಿಡುತ್ತೇನೆ ಅಂದಾಗ ಸುತ್ತ ಕೂತವರು ಸುಮ್ನೆ ತಲೆಯಾಡಿಸಿದರು. ಯಾರೂ ಹುಬ್ಬೇರಿಸಲಿಲ್ಲ. ಒಬ್ಬರೇ ಡಾಕ್ಟರ್ ಎದುರು ಕೂತರೆ ಆ ಸಮಾಧಾನ ಸಿಗುತ್ತಿರಲಿಲ್ಲ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಈ ಚಿಕಿತ್ಸೆಯ ಬಗ್ಗೆ 2001ರಲ್ಲಿ ಒಂದು ಅಧ್ಯಯನ ಬಂತು. 44 ಹೆಂಗಸರ ಚಿಕ್ಕ ಅಧ್ಯಯನ ಅದು. ಈ ಚಿಕಿತ್ಸೆ ಪಡೆದು ಕೊನೆಯವರೆಗೂ ಇದ್ದವರಲ್ಲಿ 89% ಜನರಿಗೆ ಬಿಂಜ್ ನಿಂತಿತ್ತು. ಆರು ತಿಂಗಳ ನಂತರ ಅದು 56%ಕ್ಕೆ ಇಳಿದಿತ್ತು. ಅಂದರೆ ಮತ್ತೆ ಜಾರಬಹುದು. ನಾನೂ ಜಾರಿದ್ದೇನೆ. ಆದರೆ ಮರುದಿನ ಊಟ ಬಿಡುವುದನ್ನು ನಿಲ್ಲಿಸಿದ್ದೇನೆ, ಯಾಕಂದರೆ ಉಪವಾಸವೇ ಮುಂದಿನ ಬಿಂಜ್‌ಗೆ ದಾರಿ ಮಾಡುತ್ತಿತ್ತು.

ತಿಂದದ್ದನ್ನು ವಾಂತಿ ಮಾಡುತ್ತಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ, ಗುಂಪು ಶುರುವಾಗಲಿ ಅಂತ ಕಾಯಬೇಡಿ. ಇವತ್ತೇ ಡಾಕ್ಟರಿಗೆ ಹೇಳಿ.

ಇನ್ನು ನಾಚಿಕೆಯ ವಿಷಯ. ಮೊದಲ ದಿನವೇ ಎಲ್ಲ ಹೇಳಬೇಕು ಅಂತೇನಿಲ್ಲ. ಮೂರನೇ ವಾರದವರೆಗೆ ನಾನು ಹೆಸರು ಬಿಟ್ಟು ಬೇರೇನೂ ಹೇಳಿರಲಿಲ್ಲ. ಯಾರೂ ಒತ್ತಾಯ ಮಾಡಲಿಲ್ಲ.