ಸಿಎಸ್‌ಎಲ್ ಬೇಕೇ, ಸಾಮಾನ್ಯ ಎಂ3 ಸಾಕೇ?

ಪ್ರಶ್ನೆ: ಬಿಎಂಡಬ್ಲ್ಯುವಿನ ಇ46 ತಲೆಮಾರಿನ ಎಂ3 ಕಾರು ಕೊಳ್ಳಬೇಕೆಂಬುದು ಬಹಳ ವರ್ಷಗಳ ಆಸೆ. ಈಗ ಅಷ್ಟು ಹಣ ಕೂಡಿದೆ. ಆದರೆ ಹುಡುಕುತ್ತಾ ಹೋದಂತೆ ಮನಸ್ಸು ಅದರದೇ ಹಗುರವಾದ, ಅಪರೂಪದ ಆವೃತ್ತಿ ಸಿಎಸ್‌ಎಲ್ ಕಡೆ ವಾಲುತ್ತಿದೆ. ಒಳ್ಳೆಯ ಸಾಮಾನ್ಯ ಎಂ3ಗೆ ಹೋಲಿಸಿದರೆ ಬೆಲೆ ಎರಡು ಪಟ್ಟಿಗಿಂತಲೂ ಹೆಚ್ಚು. ಸಾಲ ಮಾಡಿದರೆ ಅದೂ ಕೈಗೆ ಸಿಗುತ್ತದೆ. ‘ಅಪರೂಪದ ಕಾರು, ಹಾಕಿದ ಹಣ ಎಲ್ಲಿಗೂ ಹೋಗುವುದಿಲ್ಲ’ ಎಂದು ಮಾರುವವರು ಹೇಳುತ್ತಾರೆ. ರಜೆಯ ದಿನ ಬೆಟ್ಟದ ರಸ್ತೆಗಳಲ್ಲಿ ಓಡಿಸುವುದು, ವರ್ಷದಲ್ಲಿ ಕೆಲವು ಸಲ ಟ್ರ್ಯಾಕ್‌ಗೆ ಒಯ್ಯುವುದು ನನ್ನ ಉದ್ದೇಶ. ಗೇರ್ ನಾನೇ ಹಾಕಬೇಕು, ಅದರಲ್ಲೇ ನನಗೆ ಖುಷಿ. ಆ ಹೆಚ್ಚುವರಿ ಹಣ ಕೊಡಬಹುದೇ?

ಉತ್ತರ: ನಿಮಗೆ ಬೇಡ. ಒಳ್ಳೆಯ ಸ್ಥಿತಿಯಲ್ಲಿರುವ ಮ್ಯಾನುಯಲ್ ಎಂ3 ತೆಗೆದುಕೊಳ್ಳಿ, ಸಾಲದ ಗೋಜಿಗೆ ಹೋಗಬೇಡಿ. ಸಿಎಸ್‌ಎಲ್ ಬಗ್ಗೆ ನನಗೆ ಅಪಾರ ಪ್ರೀತಿ ಇದೆ. ಬಿಎಂಡಬ್ಲ್ಯು ರಸ್ತೆಗಾಗಿ ಮಾಡಿದ ಕಾರುಗಳಲ್ಲಿ ಅಷ್ಟು ಹಟ ಹಿಡಿದು ಮಾಡಿದವು ಬಹಳ ಕಡಿಮೆ. ಆದರೂ ಬೇಡ ಎನ್ನುವುದಕ್ಕೆ ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ: ಸಿಎಸ್‌ಎಲ್ ಕಾರ್ಖಾನೆಯಿಂದ ಹೊರಬಂದದ್ದು ಎಸ್‌ಎಂಜಿ ಗೇರ್‌ಬಾಕ್ಸ್‌ನಲ್ಲಿ ಮಾತ್ರ. ಕ್ಲಚ್ ಪೆಡಲ್ ಇಲ್ಲ. ಗೇರ್ ಬದಲಿಸುವುದು ಹೈಡ್ರಾಲಿಕ್ ಪಂಪು. ನೀವು ಸ್ಟೀರಿಂಗ್ ಹಿಂದಿನ ಪ್ಯಾಡಲ್ ಎಳೆಯುತ್ತೀರಿ, ಅಷ್ಟೇ. ಟ್ರ್ಯಾಕ್‌ನಲ್ಲಿ ಎಂಜಿನ್ ಕೆಂಪು ಗೆರೆಯ ಹತ್ತಿರ ಇರುವಾಗ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಊರೊಳಗೆ ನಿಧಾನವಾಗಿ ಹೋಗುವಾಗ ಪ್ರತಿ ಗೇರಿಗೂ ತಲೆ ಮುಂದಕ್ಕೆ ಬಾಗುತ್ತದೆ.

ಆ ಹೆಚ್ಚುವರಿ ಹಣ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಬಿಡಿಸಿ ನೋಡುವುದು ಒಳ್ಳೆಯದು, ಯಾವ ಅಪರೂಪದ ಆವೃತ್ತಿಗೂ ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಇ46 ಎಂ3 ಒಟ್ಟು 85 ಸಾವಿರಕ್ಕೂ ಹೆಚ್ಚು ತಯಾರಾದವು. 2003ರಲ್ಲಿ ಬಂದ ಸಿಎಸ್‌ಎಲ್ 1,383 ಮಾತ್ರ. ಸಾಮಾನ್ಯ ಎಂ3 ತೂಕ 1,495 ಕಿಲೊ, ಸಿಎಸ್‌ಎಲ್ 1,385. ಶಕ್ತಿ 343ರಿಂದ 360 ಅಶ್ವಶಕ್ತಿಗೆ ಏರಿತು. ಒಂದು ಟನ್‌ಗೆ ಲೆಕ್ಕ ಹಾಕಿದರೆ 229ರಿಂದ 260. ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗಕ್ಕೆ ಒಂದು 5.2 ಸೆಕೆಂಡು ತೆಗೆದುಕೊಂಡರೆ ಇನ್ನೊಂದು 4.9. ಈ 0.3 ಸೆಕೆಂಡಿಗಾಗಿ ಎರಡು ಪಟ್ಟು ಹಣ ಕೊಡಬೇಕೆಂದು ಯಾರೂ ವಾದಿಸಲಾರರು.

ಹಣ ಕೊಡುವಂಥದ್ದು ಏನಾದರೂ ಇದ್ದರೆ ಅದು ಆ 110 ಕಿಲೊ ಎಲ್ಲೆಲ್ಲಿಂದ ಇಳಿಯಿತು ಎಂಬುದು. ಛಾವಣಿ ಕಾರ್ಬನ್ ಫೈಬರ್. ಅಲ್ಲಿ ಇಳಿದ ತೂಕ ಕೆಲವೇ ಕಿಲೊ, ಆದರೆ ಕಾರಿನ ಅತಿ ಎತ್ತರದ ಜಾಗದಿಂದ ಇಳಿದದ್ದರಿಂದ ಗುರುತ್ವ ಕೇಂದ್ರವೂ ಕೆಳಗಿಳಿಯಿತು. ಹಿಂದಿನ ಗಾಜು ತೆಳ್ಳಗಾಯಿತು. ಡಿಕ್ಕಿಯ ತಳಕ್ಕೆ ಹಾಕಿದ ಹಲಗೆಯ ಒಳಗೆ ಜೇನುಗೂಡಿನಂತೆ ಜೋಡಿಸಿದ ಕಾಗದ. ಎಸಿ, ರೇಡಿಯೊ ಎರಡನ್ನೂ ತೆಗೆದು, ಕೇಳಿದವರಿಗೆ ಮಾತ್ರ ಹೆಚ್ಚಿನ ಬೆಲೆ ಇಲ್ಲದೆ ಹಾಕಿಕೊಟ್ಟರು. ಸ್ಟೀರಿಂಗ್ ಅನುಪಾತ 15.4ರಿಂದ 14.5ಕ್ಕೆ ಇಳಿದು, ಕೈ ಅಲುಗಿಸಿದ ಕೂಡಲೇ ಮೂತಿ ತಿರುಗುವಂತಾಯಿತು. ಇದೆಲ್ಲಕ್ಕಿಂತ ನನ್ನನ್ನು ಹಿಡಿದಿಡುವುದು ಅದರ ಏರ್‌ಬಾಕ್ಸ್. ಮುಂದಿನ ಬಂಪರ್‌ನ ಒಂದು ಬದಿಗೆ ದುಂಡನೆಯ ರಂಧ್ರವಿದೆ, ಅಲ್ಲಿಂದ ಗಾಳಿ ನೇರ ಕಾರ್ಬನ್ ಪೆಟ್ಟಿಗೆಗೆ ನುಗ್ಗುತ್ತದೆ. ಆಕ್ಸಿಲರೇಟರ್ ಪೂರ್ತಿ ತುಳಿದಾಗ ಒಳಗಿನ ಫ್ಲಾಪ್ ತೆರೆದುಕೊಳ್ಳುತ್ತದೆ. ಸಿಲಿಂಡರಿಗೆ ಒಂದರಂತೆ ಗಾಳಿ ಬಿಡುವ ಆರು ಥ್ರಾಟಲ್‌ಗಳು ಒಟ್ಟಿಗೆ ಉಸಿರೆಳೆಯುವ ಆ ಗರ್ಜನೆ ಎಕ್ಸಾಸ್ಟಿನಿಂದ ಬರುವುದಿಲ್ಲ, ಎದುರಿನ ಬಾನೆಟ್ ಕೆಳಗಿನಿಂದ ಎದೆಗೆ ಬಡಿಯುತ್ತದೆ. ಇಂಥ ವ್ಯತ್ಯಾಸ ಲೋಹದಲ್ಲೇ ಇರುವಂಥದ್ದು, ಕಣ್ಣು ಮುಚ್ಚಿ ಕೂತರೂ ಗೊತ್ತಾಗುತ್ತದೆ. ಇದಕ್ಕೆ ಹಣ ಕೊಡುವವರನ್ನು ನಾನು ತಪ್ಪು ಎನ್ನುವುದಿಲ್ಲ.

ಆದರೆ ಬರೀ ಸಂಖ್ಯೆ ಕಡಿಮೆ ಎಂಬ ಕಾರಣಕ್ಕೆ ಹಣ ಕೊಡಬೇಡಿ. ಪೋರ್ಷೆ 911 ಕರೆರಾ ಆರ್‌ಎಸ್ 2.7 ನೋಡಿ. ರೇಸಿಗೆ ಇಳಿಸಲು ಬೇಕಾದ ಅನುಮತಿಗಾಗಿ 500 ಕಾರು ಮಾಡಬೇಕಿತ್ತು, ಬೇಡಿಕೆ ಹೆಚ್ಚಿ ಕೊನೆಗೆ 1,580 ಆದವು. ಅಂದರೆ ಸಿಎಸ್‌ಎಲ್‌ಗಿಂತ ಸುಮಾರು 200 ಹೆಚ್ಚು. ಆದರೂ ಅದರ ಬೆಲೆಯ ಹತ್ತಿರಕ್ಕೂ ಸಿಎಸ್‌ಎಲ್ ಬರುವುದಿಲ್ಲ. ಜನ ಅಲ್ಲಿ ಹಣ ಕೊಡುವುದು ಆ ಕಾರು ಯಾವ ಕೆಲಸಕ್ಕೆ ಹುಟ್ಟಿತು, ಅದನ್ನು ಹೇಗೆ ಮಾಡಿ ತೋರಿಸಿತು ಎಂಬುದಕ್ಕೆ. ಇನ್ನೊಂದು ಕಡೆ, ವಿಶೇಷ ಬಣ್ಣ, ಸೀಟಿನ ಮೇಲೆ ಬೇರೆ ಹೊಲಿಗೆ, ಡ್ಯಾಶ್‌ಬೋರ್ಡ್ ಮೇಲೆ ಕ್ರಮಸಂಖ್ಯೆ ಕೊರೆದ ಫಲಕ, ಇಷ್ಟನ್ನೇ ಹೊತ್ತ ‘ಸೀಮಿತ ಆವೃತ್ತಿ’ಗಳು ಪ್ರತಿ ಕಂಪನಿಯಲ್ಲೂ ಬಂದಿವೆ. ಎಂಜಿನ್, ಸಸ್ಪೆನ್ಷನ್, ಬ್ರೇಕ್, ತೂಕ ಯಾವುದೂ ಬದಲಾಗದಿದ್ದರೆ ಓಡಿಸುವವರಿಗೆ ಸಿಗುವುದು ಅದೇ ಸಾಮಾನ್ಯ ಕಾರು.

‘ಹಣ ಎಲ್ಲಿಗೂ ಹೋಗುವುದಿಲ್ಲ’ ಎಂಬ ಮಾತಿಗೆ 911 ಆರ್ ಒಳ್ಳೆಯ ಉತ್ತರ. 2016ರಲ್ಲಿ ಪೋರ್ಷೆ ಅಂಥ 991 ಕಾರುಗಳನ್ನಷ್ಟೇ ಮಾಡಿತು. 911ರ ಟ್ರ್ಯಾಕ್ ಆವೃತ್ತಿಯಾದ ಜಿಟಿ3 ಆಗ ಕ್ಲಚ್ ಪೆಡಲ್ ಇಲ್ಲದ ಪಿಡಿಕೆ ಗೇರ್‌ಬಾಕ್ಸ್‌ನಲ್ಲಿ ಮಾತ್ರ ಬರುತ್ತಿತ್ತು. 500 ಅಶ್ವಶಕ್ತಿಯ 4 ಲೀಟರ್ ಎಂಜಿನ್‌ಗೆ ಆರು ಗೇರಿನ ಮ್ಯಾನುಯಲ್ ಜೋಡಿಸಿದ್ದು ಆರ್‌ನಲ್ಲಿ. ಕಂಪನಿ ಹೇಳಿದ ಬೆಲೆಯ ಹಲವು ಪಟ್ಟು ಕೊಟ್ಟು ಕೊಂಡವರಿದ್ದರು. ಮರುವರ್ಷವೇ ಹೊಸ ಜಿಟಿ3 ಮ್ಯಾನುಯಲ್‌ನಲ್ಲೂ ಬಂತು, ಹಿಂದೆಯೇ ದೊಡ್ಡ ರೆಕ್ಕೆ ಇಲ್ಲದ ಟೂರಿಂಗ್ ಕೂಡ ಬಂತು. ಆರ್ ಬೆಲೆ ತುದಿಯಿಂದ ಕೆಳಗಿಳಿಯಿತು. ಕಾರಿನಲ್ಲಿ ಏನೂ ಕೆಟ್ಟಿರಲಿಲ್ಲ. ಅದರಲ್ಲಿ ಮಾತ್ರ ಇದ್ದುದನ್ನು ಕಂಪನಿ ಇನ್ನೊಂದರಲ್ಲೂ ಕೊಟ್ಟಿತು, ಅಷ್ಟೇ. ಈ ವಿಷಯದಲ್ಲಿ ಸಿಎಸ್‌ಎಲ್ ಸುರಕ್ಷಿತ ಎಂದೇ ಹೇಳಬೇಕು. ಟರ್ಬೊ ಇಲ್ಲದ, ಆರು ಥ್ರಾಟಲ್‌ಗಳ 3.2 ಲೀಟರ್ ಎಂಜಿನ್ ಮತ್ತೆ ಬರುವ ಲಕ್ಷಣ ಇಲ್ಲ. 2022ರಲ್ಲಿ ಬಂದ ಎಂ4 ಸಿಎಸ್‌ಎಲ್‌ನಲ್ಲೂ ಟರ್ಬೊ ಇದೆ. ಹಾಗೆಂದು ಸಾಲದ ಬಡ್ಡಿಯನ್ನೂ ಮೀರಿ ಬೆಲೆ ಏರುತ್ತದೆ ಎಂದು ನಂಬಿ ಕೂರುವುದು ನಿಮ್ಮಂಥವರಿಗೆ ಸಲ್ಲದು. ನೀವು ಓಡಿಸುವವರು.

ಓಡಿಸುವುದಕ್ಕೇ ಇಲ್ಲಿ ಬೆಲೆ ತೆರಬೇಕಾಗುವುದು. ಓಡಿದ ದೂರ ಕಡಿಮೆ ಇದ್ದಷ್ಟೂ ಸಿಎಸ್‌ಎಲ್‌ಗೆ ಹೆಚ್ಚು ಬೆಲೆ, ಹಾಗಾಗಿ ಪ್ರತಿ ಸುತ್ತಾಟವೂ ಲೆಕ್ಕಕ್ಕೆ ಬರುತ್ತದೆ. ಟ್ರ್ಯಾಕ್‌ನಲ್ಲಿ ಮುಂದಿನ ಕಾರಿನ ಚಕ್ರದಿಂದ ಹಾರಿದ ಕಲ್ಲು ಸಾಮಾನ್ಯ ಎಂ3 ಬಂಪರ್‌ಗೆ ಬಡಿದರೆ ಬಣ್ಣ ಹಚ್ಚಿಸುತ್ತೀರಿ. ಸಿಎಸ್‌ಎಲ್‌ನ ಬಂಪರ್, ಬಾತುಕೋಳಿ ಬಾಲದಂತೆ ಎದ್ದ ಡಿಕ್ಕಿ ಮುಚ್ಚಳ, ಏರ್‌ಬಾಕ್ಸ್ ಅದಕ್ಕೆಂದೇ ಮಾಡಿದವು. ಅಂಥ ಕಾರನ್ನು ಎಷ್ಟು ದಿನ ನಿಶ್ಚಿಂತೆಯಿಂದ ತಿರುವಿಗೆ ಇಳಿಸುತ್ತೀರಿ? ಕೊನೆಗೆ ಅದು ಹೊದಿಕೆಯ ಕೆಳಗೇ ಉಳಿಯುತ್ತದೆ, ನಿಮ್ಮ ರಜೆಯ ದಿನಗಳು ಬೇರೆ ಕಾರಿನಲ್ಲಿ ಕಳೆಯುತ್ತವೆ. ನನಗೆ ಬೇಸರ ತರಿಸುವ ವಿಷಯ ಇದೇ. ಓಡಿಸಲೆಂದೇ ಕಿಲೊ ಕಿಲೊ ತೂಕ ಕಳೆದು ಮಾಡಿದ ಕಾರು ಅದು.

ಬೆಲೆ ಹೆಚ್ಚಾದ ಮಾತ್ರಕ್ಕೆ ದೋಷಗಳೂ ಕಡಿಮೆಯಾಗುವುದಿಲ್ಲ. ಇ46 ಎಂ3ಗೆ ಮೂರು ಗೊತ್ತಿರುವ ಕಾಯಿಲೆ: ಎಂಜಿನ್ ಒಳಗಿನ ಕನೆಕ್ಟಿಂಗ್ ರಾಡ್ ಬೇರಿಂಗ್ ಸವೆತ, ವೇನಾಸ್ ಎನ್ನುವ ವಾಲ್ವ್ ಟೈಮಿಂಗ್ ವ್ಯವಸ್ಥೆಯ ತೊಂದರೆ, ಹಿಂದಿನ ಸಬ್‌ಫ್ರೇಮ್ (ಹಿಂದಿನ ಸಸ್ಪೆನ್ಷನ್ ಹೊರುವ ಚೌಕಟ್ಟು) ಕೂರುವ ತಗಡಿನ ಬಿರುಕು. ಮೂರೂ ಸಿಎಸ್‌ಎಲ್‌ಗೂ ಉಂಟು. ಅದರ ಜೊತೆಗೆ ಎಸ್‌ಎಂಜಿ ಪಂಪಿನ ಚಿಂತೆ ಬೇರೆ.

ಈ ಮೂರರಲ್ಲಿ ಬಿರುಕನ್ನು ಕೊಳ್ಳುವ ಮೊದಲೇ ನೋಡಲೇಬೇಕು. ಕಾರನ್ನು ಲಿಫ್ಟ್ ಮೇಲೆ ಎತ್ತಿಸಿ. ಹಿಂದಿನ ಸಬ್‌ಫ್ರೇಮ್ ನಾಲ್ಕು ಕಡೆ ದೇಹಕ್ಕೆ ಬೋಲ್ಟ್ ಆಗಿರುತ್ತದೆ. ಆ ನಾಲ್ಕರ ಸುತ್ತ ಕೂದಲೆಳೆಯಂಥ ಗೆರೆ ಇದೆಯೇ, ಸ್ಪಾಟ್ ವೆಲ್ಡ್‌ಗಳು ಬಿಟ್ಟುಕೊಂಡಿವೆಯೇ ಎಂದು ಟಾರ್ಚ್ ಹಿಡಿದು ಹುಡುಕಿ. ಅಲ್ಲಷ್ಟೇ ಹೊಸದಾಗಿ ದಪ್ಪಗೆ ಕಪ್ಪು ಲೇಪ ಬಳಿದಿದ್ದರೆ ಅದನ್ನು ಕೆರೆಸದೆ ಮುಂದೆ ಹೋಗಬೇಡಿ. ಆಮೇಲೆ ಡಿಕ್ಕಿಯ ಕಾರ್ಪೆಟ್ ಎತ್ತಿ ಮೇಲಿನಿಂದಲೂ ನೋಡಿ. ಓಡಿಸುವಾಗ ಆಕ್ಸಿಲರೇಟರ್ ಬಿಟ್ಟು ತುಳಿದಾಗ ಹಿಂದಿನಿಂದ ‘ಟಣ್’ ಎಂದು ಕೇಳಿದರೆ ಅದೂ ಒಂದು ಸುಳಿವು. ಒಳಗಡೆ ತಗಡು ಬೆಸೆದು ಬಲಪಡಿಸಿದ ಕಾರಾಗಿದ್ದು, ಕೆಲಸದ ಫೋಟೊ ಮತ್ತು ಬಿಲ್ ಇದ್ದರೆ ಇನ್ನೂ ಒಳ್ಳೆಯದು, ಹೆದರಬೇಡಿ. ಬೇರಿಂಗ್‌ಗಳನ್ನು ಯಾವಾಗ ಬದಲಿಸಿದ್ದಾರೆ ಎಂದು ಕೇಳಿ. ಬದಲಿಸಿಲ್ಲ ಎಂದಾದರೆ ಆ ಖರ್ಚನ್ನು ಬೆಲೆಯಲ್ಲೇ ಹಿಡಿಯಿರಿ.

ನಿಮ್ಮ ಮನಸ್ಸು ಇನ್ನೂ ಸಿಎಸ್‌ಎಲ್ ಕಡೆಗೇ ಎಳೆಯುತ್ತಿದ್ದರೆ ನಡುವಿನ ದಾರಿ ಇದೆ. ಇ46ರ ಕೊನೆಯ ವರ್ಷಗಳಲ್ಲಿ ಬ್ರಿಟನ್‌ನಲ್ಲಿ ಸಿಎಸ್ ಎಂದೂ, ಅಮೆರಿಕದಲ್ಲಿ ಕಾಂಪಿಟಿಷನ್ ಪ್ಯಾಕೇಜ್ ಎಂದೂ ಮಾರಿದ ಎಂ3 ಹುಡುಕಿ. ಸಿಎಸ್‌ಎಲ್‌ನ ಚುರುಕು ಸ್ಟೀರಿಂಗ್, ದೊಡ್ಡ ಮುಂದಿನ ಬ್ರೇಕ್, ಅದೇ ನಮೂನೆಯ 19 ಇಂಚಿನ ಚಕ್ರ ಅದರಲ್ಲಿವೆ. ಮ್ಯಾನುಯಲ್ ಗೇರ್‌ಬಾಕ್ಸೂ ಸಿಗುತ್ತದೆ. ನಾನಾದರೆ ಇದಕ್ಕೆ ಕೊಡುವ ಹೆಚ್ಚುವರಿ ಹಣಕ್ಕೆ ಹಿಂದೆಮುಂದೆ ನೋಡುವುದಿಲ್ಲ. ಅದಕ್ಕೆ ಒಳ್ಳೆಯ ಟ್ರ್ಯಾಕ್ ಟೈರ್ ಹಾಕಿಸಿ. ನೂರ್‌ಬುರ್ಗ್‌ರಿಂಗ್‌ನಲ್ಲಿ ಸಿಎಸ್‌ಎಲ್ 7 ನಿಮಿಷ 50 ಸೆಕೆಂಡಿನಲ್ಲಿ ಸುತ್ತು ಮುಗಿಸಿದ್ದರಲ್ಲಿ ಅದರ ಅರೆ ರೇಸಿಂಗ್ ಮಿಶೆಲಿನ್ ಟೈರ್‌ಗಳ ಪಾಲು ಸಣ್ಣದಲ್ಲ.

ಸಿಎಸ್‌ಎಲ್ ಯಾರಿಗೆ ಎಂದು ಕೇಳಿದರೆ, ಎರಡನ್ನೂ ಒಂದೇ ದಿನ, ಒಂದೇ ರಸ್ತೆಯಲ್ಲಿ ಓಡಿಸಿ ನೋಡಿ ಸಾಮಾನ್ಯ ಎಂ3 ಸಪ್ಪೆ ಅನ್ನಿಸಿದವರಿಗೆ, ಎಸ್‌ಎಂಜಿ ಒಗ್ಗಿದವರಿಗೆ, ಸಾಲವಿಲ್ಲದೆ ಕೊಳ್ಳಬಲ್ಲವರಿಗೆ. ಅಂಥವರೂ ಚಾಸಿ ಸಂಖ್ಯೆಯನ್ನು ಕಂಪನಿಯ ದಾಖಲೆಯ ಜೊತೆ ತಾಳೆ ನೋಡದೆ ಮುಂಗಡ ಕೊಡಬಾರದು. ಬಂಪರ್, ಡಿಕ್ಕಿ ಮುಚ್ಚಳ, ಕಾರ್ಬನ್ ಛಾವಣಿ, ಏರ್‌ಬಾಕ್ಸ್ ಎಲ್ಲದರ ನಕಲೂ ಮಾರುಕಟ್ಟೆಯಲ್ಲಿದೆ. ನೋಟದಿಂದಷ್ಟೇ ಅಸಲಿ ಎಂದು ಹೇಳಲಾಗದು.

ಪ್ರಶ್ನೆ: ಫೆರಾರಿ ಎಫ್430 ಕಾರ್ಖಾನೆಯಿಂದಲೇ ಮ್ಯಾನುಯಲ್ ಆಗಿ ಬಂದದ್ದು ನನ್ನ ಕೈಗೆ ಎಟುಕುವುದಿಲ್ಲ. ಎಫ್1 ಗೇರ್‌ಬಾಕ್ಸ್‌ನ ಕಾರನ್ನು ಆಮೇಲೆ ಮ್ಯಾನುಯಲ್‌ಗೆ ಬದಲಿಸಿದ್ದು ಸಿಗುತ್ತಿದೆ. ಕೊಳ್ಳಬಹುದೇ?

ಉತ್ತರ: ಓಡಿಸಲಿಕ್ಕಾದರೆ ಕೊಳ್ಳಿ. ಎಫ್1 ವ್ಯವಸ್ಥೆ ಎಂದರೆ ಮ್ಯಾನುಯಲ್ ಗೇರ್‌ಬಾಕ್ಸ್ ಮೇಲೆಯೇ ಹೈಡ್ರಾಲಿಕ್ ಕೈ ಕೂರಿಸಿದ್ದು. ಅದನ್ನು ತೆಗೆದು ಕ್ಲಚ್ ಪೆಡಲ್, ಗೇರ್ ಕೋಲು ಓಡಾಡುವ ಗೇಟ್, ಅದನ್ನು ಗೇರ್‌ಬಾಕ್ಸ್‌ಗೆ ಜೋಡಿಸುವ ಲಿಂಕೇಜ್ ಹಾಕಿದರೆ ಕೈಗೆ ಸಿಗುವ ಅನುಭವ ಕಾರ್ಖಾನೆಯ ಮ್ಯಾನುಯಲ್‌ಗೆ ಬಹಳ ಹತ್ತಿರ. ಕೆಲಸ ಅಚ್ಚುಕಟ್ಟಾಗಿದೆಯೇ ಎಂದು ತಿಳಿಯಬೇಕಿದ್ದರೆ ಕಾರು ತಣ್ಣಗಿರುವಾಗ ಒಮ್ಮೆ, ಚೆನ್ನಾಗಿ ಬಿಸಿಯಾದ ಮೇಲೆ ಒಮ್ಮೆ ಎರಡನೇ ಗೇರ್ ಹಾಕಿ ನೋಡಿ. ಡ್ಯಾಶ್‌ಬೋರ್ಡ್‌ನಲ್ಲಿ ಎಚ್ಚರಿಕೆ ದೀಪ ಉರಿಯುತ್ತಿರಬಾರದು, ಕಂಟ್ರೋಲ್ ಯೂನಿಟ್‌ಗೂ ಮ್ಯಾನುಯಲ್ ಎಂದು ಸರಿಯಾಗಿ ಕೋಡಿಂಗ್ ಆಗಿರಬೇಕು.

ಬೆಲೆ ಮಾತ್ರ ಎಫ್1 ಕಾರಿನ ಬೆಲೆಗೆ ಬದಲಾವಣೆಯ ಖರ್ಚು ಸೇರಿಸಿದಷ್ಟನ್ನು ಮೀರಬಾರದು. ಕಾರ್ಖಾನೆಯ ಮ್ಯಾನುಯಲ್‌ಗೆ ಸಿಗುವ ಹೆಚ್ಚುವರಿ ಬೆಲೆ ಇದಕ್ಕೆ ಸಿಗುವುದಿಲ್ಲ, ನೀವು ಮಾರುವಾಗಲೂ ಸಿಗುವುದಿಲ್ಲ. ಬದಲಾವಣೆಯ ವಿಷಯವನ್ನು ವಿಮೆಯವರಿಗೆ ಬರಹದಲ್ಲಿ ತಿಳಿಸಿ. ತೆಗೆದ ಎಫ್1 ಭಾಗಗಳೆಲ್ಲ ಕಾರಿನ ಜೊತೆಗೇ ಬರಬೇಕೆಂದು ಒಪ್ಪಂದದಲ್ಲಿ ಸೇರಿಸಿ. ಅವು ಇಲ್ಲ ಎಂದರೆ ಅದಕ್ಕೆ ತಕ್ಕಷ್ಟು ಬೆಲೆ ಇಳಿಸಲು ಕೇಳಿ.