ಇರುವೆಗೆ ಹಾಕಿದ್ದು ನಾಯಿಯ ನಾಲಿಗೆಗೆ ಹೋಗಬಾರದಲ್ವಾ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ಮನೆಯಲ್ಲಿ ಮೂರು ವರ್ಷದ ನಾಯಿ ಇದೆ. ಅದರ ಊಟದ ತಟ್ಟೆಗೆ ದಿನಾ ಬೆಳಿಗ್ಗೆ ಇರುವೆ ಮುತ್ತಿರುತ್ತದೆ. ಸಾಲಿನ ಜಾಡು ಹಿಡಿದು ಹೋದರೆ ಸಿಂಕ್ ಕೆಳಗಿನ ಒಂದು ಸಂದಿನಿಂದ ಬರುತ್ತಿವೆ. ಸ್ಪ್ರೇ ಹೊಡೆದರೆ ಎರಡು ದಿನ ಕಾಣುವುದಿಲ್ಲ, ಮೂರನೇ ದಿನ ಇನ್ನೊಂದು ಮೂಲೆಯಿಂದ ಬರುತ್ತವೆ. ನಾಯಿಗೆ ನೆಲ ನೆಕ್ಕುವ ಅಭ್ಯಾಸ ಬೇರೆ. ಏನು ಮಾಡಲಿ?

ಉತ್ತರ: ಮೊದಲು ಆ ಸ್ಪ್ರೇ ಡಬ್ಬಿ ಎತ್ತಿಟ್ಟುಬಿಡಿ. ನಾಯಿಗೋಸ್ಕರ ಮಾತ್ರ ಅಲ್ಲ, ಅದರಿಂದ ಇರುವೆಯೂ ಹೋಗುವುದಿಲ್ಲ. ನಿಮಗೆ ಕಾಣುವ ಸಾಲು ಊಟ ಹುಡುಕಲು ಹೊರಟ ಕೆಲಸಗಾರ ಇರುವೆಗಳದ್ದು, ಇಡೀ ಗೂಡಿನಲ್ಲಿ ಅವು ಸಣ್ಣ ಪಾಲು ಅಷ್ಟೇ. ರಾಣಿ ಒಳಗೆ ಮೊಟ್ಟೆ ಇಡುತ್ತಲೇ ಇರುತ್ತದೆ, ಸತ್ತಷ್ಟು ಮತ್ತೆ ಹುಟ್ಟುತ್ತವೆ. ಇನ್ನು ಫೇರೋ ಇರುವೆಯಂಥ ಕೆಲವು ಪುಟ್ಟ ಜಾತಿಗಳಲ್ಲಿ ಒಂದೇ ಗೂಡಿನಲ್ಲಿ ಹಲವು ರಾಣಿಗಳಿರುತ್ತವೆ. ಅವುಗಳ ಮೇಲೆ ಸ್ಪ್ರೇ ಬಿದ್ದರೆ ಗೂಡು ಒಡೆದು, ಒಂದೊಂದು ಗುಂಪು ಒಂದೊಂದು ರಾಣಿಯ ಜೊತೆ ಬೇರೆ ಬೇರೆ ಗೋಡೆ ಸೇರಿಕೊಂಡು, ಒಂದು ಗೂಡು ಇದ್ದ ಕಡೆ ಮೂರು ಗೂಡಾಗುತ್ತದೆ. ನೀವು ಹೇಳುವ 'ಇನ್ನೊಂದು ಮೂಲೆ' ಹೀಗೂ ಆಗಿರಬಹುದು.

ಹಾಗಾದರೆ ದಾರಿ ಏನು? ಇರುವೆಯೇ ಔಷಧವನ್ನು ಗೂಡಿಗೆ ಹೊತ್ತುಕೊಂಡು ಹೋಗಬೇಕು. ಇರುವೆಗಳು ಹೊಟ್ಟೆಯಲ್ಲಿ ತುಂಬಿಕೊಂಡು ತಂದ ದ್ರವವನ್ನು ಬಾಯಿಂದ ಬಾಯಿಗೆ ಹಂಚಿಕೊಳ್ಳುತ್ತವೆ, ಮರಿಗಳಿಗೂ ರಾಣಿಗೂ ಅದೇ ಹೋಗುತ್ತದೆ. ಅದಕ್ಕೇ ನಿಧಾನವಾಗಿ ಕೊಲ್ಲುವ ಆಮಿಷ ಬೇಕು. ಮನೆಯಲ್ಲೇ ಮಾಡುವುದಾದರೆ ನೂರು ಮಿಲಿ ಲೀಟರ್ ಬಿಸಿ ನೀರಿಗೆ 20ರಿಂದ 25 ಗ್ರಾಂ ಸಕ್ಕರೆ, 1 ಗ್ರಾಂ ಬೋರಿಕ್ ಆಸಿಡ್ ಪುಡಿ ಹಾಕಿ ಪೂರ್ತಿ ಕರಗಿಸಿ. 1 ಗ್ರಾಂ ಅಂದರೆ ಹೆಚ್ಚುಕಡಿಮೆ ಕಾಲು ಟೀ ಚಮಚ. 'ಇಷ್ಟೇನಾ?' ಅಂತ ಇನ್ನೂ ಎರಡು ಚಮಚ ಸುರಿಯಬೇಡಿ, ಎಲ್ಲರೂ ಎಡವುವುದು ಇಲ್ಲೇ. ಜಾಸ್ತಿಯಾದರೆ ಇರುವೆ ಬಾಯೇ ಹಾಕುವುದಿಲ್ಲ, ಹಾಕಿದರೂ ಗೂಡು ಮುಟ್ಟುವ ಮೊದಲೇ ದಾರಿಯಲ್ಲಿ ಸಾಯುತ್ತದೆ. ರಾಣಿಗೆ ಏನೂ ಆಗುವುದಿಲ್ಲ.

ಈಗ ನಾಯಿಯ ವಿಷಯ. ಬೋರಿಕ್ ಆಸಿಡ್ ಇಷ್ಟು ಕಡಿಮೆ ಇದ್ದಾಗ ಭಾರಿ ವಿಷವೇನಲ್ಲ, ಆದರೆ ಸಿಹಿ ನೀರು ನಾಯಿಗೂ ಇಷ್ಟ, ಪುಡಿಯನ್ನೇ ನೆಕ್ಕಿದರೆ ವಾಂತಿ, ಭೇದಿ ಆಗುತ್ತದೆ, ತುಂಬಾ ಹೊಟ್ಟೆಗೆ ಹೋದರೆ ಕಿಡ್ನಿಗೂ ಪೆಟ್ಟು. ಹಾಗಾಗಿ ತೆರೆದ ತಟ್ಟೆಯಲ್ಲಿ ಇಡಲೇಬಾರದು. ಗಟ್ಟಿ ಮುಚ್ಚಳದ ಸಣ್ಣ ಡಬ್ಬಿ ತಗೊಳ್ಳಿ. ಮುಚ್ಚಳದ ಅಂಚಿನಲ್ಲಿ ಇರುವೆ ನುಸುಳುವಷ್ಟು, ಎರಡು ಮೂರು ಮಿಲಿ ಮೀಟರಿನ ನಾಲ್ಕೈದು ತೂತು ಮಾಡಿ. ಹತ್ತಿಯನ್ನು ಆ ನೀರಿನಲ್ಲಿ ನೆನೆಸಿ ಒಳಗಿಟ್ಟು ಮುಚ್ಚಿ, ಟೇಪ್ ಸುತ್ತಿ. ನಿಮ್ಮ ಅದೃಷ್ಟಕ್ಕೆ ಇರುವೆ ಬರುತ್ತಿರುವುದು ಸಿಂಕ್ ಕೆಳಗಿಂದ, ಡಬ್ಬಿಯನ್ನು ಅಲ್ಲೇ ಇಟ್ಟು ಬಾಗಿಲು ಭದ್ರ ಮಾಡಿ. ಬಾಗಿಲನ್ನು ಮೂತಿಯಿಂದ ತಳ್ಳಿ ತೆರೆಯಲು ಕಲಿತ ನಾಯಿಗಳಿವೆ, ಮಕ್ಕಳಿಗೆ ಹಾಕುವ ಲಾಕ್ ಹಾಕಿದರೆ ಒಳ್ಳೆಯದು. ಡಬ್ಬಿಯ ಮೇಲೆ ಒಳಗೇನಿದೆ ಅಂತ ಬರೆದಿಡಿ. ಉಳಿದ ಪುಡಿ ಎತ್ತರದ ಕಪಾಟಿಗೆ ಹೋಗಲಿ. ಅಂಗಡಿಯ ಆಮಿಷದ ಡಬ್ಬಿ ತಂದರೂ ಇದೇ ಎಚ್ಚರಿಕೆ.

ಇಟ್ಟ ದಿನ ಇರುವೆ ಹಿಂಡುಹಿಂಡಾಗಿ ಬರುತ್ತವೆ. ಗಾಬರಿಯಾಗಬೇಡಿ. ಸಾಲು ಒರೆಸಬೇಡಿ, ಸ್ಪ್ರೇ ಬೇಡವೇ ಬೇಡ, ತಿಂದುಕೊಂಡು ಹೋಗಲಿ ಬಿಡಿ. ಮೂರು ನಾಲ್ಕು ದಿನಕ್ಕೊಮ್ಮೆ ಹತ್ತಿ ಬದಲಾಯಿಸಿ. ಕೆಲವು ದಿನಗಳಲ್ಲಿ ಸಾಲು ತೆಳ್ಳಗಾಗುತ್ತದೆ, ಗೂಡು ಪೂರ್ತಿ ಹೋಗಲು ಎರಡು ಮೂರು ವಾರ ಬೇಕಾಗಬಹುದು. ಸಿಹಿಯನ್ನು ಮೂಸಿಯೂ ನೋಡದಿದ್ದರೆ ಆ ಗೂಡಿಗೆ ಈಗ ಬೇಕಿರುವುದು ಪ್ರೊಟೀನ್ ಅಥವಾ ಎಣ್ಣೆ ಇರಬಹುದು, ಮರಿಗಳು ಬೆಳೆಯುವಾಗ ಹಾಗಾಗುತ್ತದೆ. ಒಂದು ಹನಿ ಸಕ್ಕರೆ ನೀರು, ಪಕ್ಕದಲ್ಲಿ ಒಂದು ಚೂರು ನಾಯಿಯ ಊಟವನ್ನೇ ಇಟ್ಟು ಯಾವುದಕ್ಕೆ ಮುತ್ತುತ್ತವೆ ನೋಡಿ, ಅಂಥದೇ ಆಮಿಷ ತನ್ನಿ. ಸಂದಿಗೆ ಸಿಲಿಕೋನ್ ತುಂಬುವುದು ಇರುವೆ ನಿಂತ ಮೇಲೆ. ಮೊದಲೇ ಮುಚ್ಚಿದರೆ ಬೇರೆ ದಾರಿ ಹುಡುಕುತ್ತವೆ, ಆಮಿಷದ ಡಬ್ಬಿ ಸುಮ್ನೆ ಕೂತಿರುತ್ತದೆ.

ಅಲ್ಲಿಯವರೆಗೆ ಊಟದ ತಟ್ಟೆ ಕಾಯಬೇಕಲ್ವಾ? ಅಗಲದ ಟ್ರೇಯಲ್ಲಿ ನೀರು ಹಾಕಿ ಅದರ ನಡುವೆ ತಟ್ಟೆ ಇಡಿ. ಎರಡು ಬೆರಳಿನಷ್ಟಾದರೂ ನೀರಿನ ಅಗಲ ಇರಲಿ, ತಟ್ಟೆಯ ಅಂಚು ಟ್ರೇಗೆ ತಾಗಬಾರದು. ನೀರಿಗೆ ಸೋಪು ಹಾಕಿ ಅಂತ ಹೇಳುವವರಿದ್ದಾರೆ. ಆ ನೀರನ್ನು ನಾಯಿ ಕುಡಿಯುತ್ತದೆ, ಬೇಡ. ಬರೀ ನೀರು ಸಾಕು, ದಿನಾ ಬದಲಾಯಿಸಿ. ಊಟ ಹಾಕಿ ಅರ್ಧ ಗಂಟೆಯಾದ ಮೇಲೆ ಉಳಿದದ್ದನ್ನು ತೆಗೆದು ತಟ್ಟೆ ತೊಳೆದಿಡಿ. ರಾತ್ರಿಯಿಡೀ ಬಿಡುವುದರಿಂದಲೇ ಬೆಳಿಗ್ಗೆ ಆ ಮುತ್ತಿಗೆ. ತಟ್ಟೆಯ ಸುತ್ತ ಮಾತ್ರ ನೀರು ಬೆರೆಸಿದ ವಿನೆಗರ್‌ನಿಂದ ಒರೆಸಿ. ಇರುವೆ ನಡೆಯುವಾಗ ಬಿಟ್ಟ ವಾಸನೆಯ ಗೆರೆ ಅದರಿಂದ ಅಳಿಸುತ್ತದೆ, ಹಿಂದೆ ಬರುವ ಇರುವೆಗೆ ದಾರಿ ತಪ್ಪುತ್ತದೆ. ಒಣಗಿದ ಮೇಲೆ ನಾಯಿಯನ್ನು ಬಿಡಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಎರಡು ಬೆಕ್ಕು. ಕೆಮಿಕಲ್ ಬೇಡ ಅಂತ ಪುದೀನಾ ಎಣ್ಣೆಯನ್ನು ನೀರಿಗೆ ಬೆರೆಸಿ ಕಿಟಕಿ, ಬಾಗಿಲ ಅಂಚಿಗೆಲ್ಲ ಹೊಡೆಯುತ್ತಿದ್ದೇನೆ. ಇರುವೆ ಕಡಿಮೆಯಾಗಿದೆ. ನೈಸರ್ಗಿಕ ತಾನೇ, ತೊಂದರೆ ಇಲ್ಲ ಅಲ್ವಾ?

ಉತ್ತರ: ತೊಂದರೆ ಇದೆ. ದಯವಿಟ್ಟು ಇವತ್ತೇ ನಿಲ್ಲಿಸಿ. ಬೆಕ್ಕಿನ ಲಿವರ್ ನಮ್ಮದರಂತೆ ಕೆಲಸ ಮಾಡುವುದಿಲ್ಲ. ಇಂಥ ಎಣ್ಣೆಯಲ್ಲಿರುವ ಹಲವು ವಸ್ತುಗಳನ್ನು ಒಡೆದು ಹೊರಹಾಕಲು ಬೇಕಾದ ಕಿಣ್ವದ ಶಕ್ತಿ ಬೆಕ್ಕಿಗೆ ತುಂಬಾ ಕಡಿಮೆ. ನಾವು ಅರಗಿಸಿಕೊಳ್ಳುವುದು ಅದರ ಮೈಯಲ್ಲಿ ಉಳಿದುಬಿಡುತ್ತದೆ. ಪುದೀನಾ, ಲವಂಗ, ದಾಲ್ಚಿನ್ನಿ, ಕಿತ್ತಳೆ–ನಿಂಬೆ ಜಾತಿಯ ಎಣ್ಣೆಗಳು, ಎಲ್ಲಕ್ಕಿಂತ ಕೆಟ್ಟದಾಗಿ ಟೀ ಟ್ರೀ ಎಣ್ಣೆ, ಇವೆಲ್ಲ ಆ ಪಟ್ಟಿಯಲ್ಲಿವೆ. ಟೀ ಟ್ರೀ ಎಣ್ಣೆ ನಾಯಿಗೂ ವಿಷ. ಬೆಕ್ಕು ಕಿಟಕಿಯ ಅಂಚಿನಲ್ಲೇ ಮಲಗುತ್ತದೆ, ಅಂಗಾಲಿಗೆ ಮೆತ್ತಿಕೊಳ್ಳುತ್ತದೆ, ಆಮೇಲೆ ಕೂತು ಅದನ್ನೇ ನೆಕ್ಕಿ ಸ್ವಚ್ಛ ಮಾಡಿಕೊಳ್ಳುತ್ತದೆ. ನಾವು ನೆಲಕ್ಕೆ ಹಾಕಿದ್ದೆಲ್ಲ ಕೊನೆಗೆ ಬೆಕ್ಕಿನ ನಾಲಿಗೆಗೇ ಹೋಗುತ್ತದೆ, ಇದೊಂದನ್ನು ಮರೆಯಬೇಡಿ.

ಹಾಕಿದ ಜಾಗವನ್ನೆಲ್ಲ ಸೋಪು ನೀರಿನಲ್ಲಿ ಒರೆಸಿ, ಕಿಟಕಿ ತೆರೆದಿಡಿ. ಜೊಲ್ಲು ಸುರಿಸುವುದು, ವಾಂತಿ, ತೂರಾಡುವುದು, ಮಂಕಾಗಿ ಮೂಲೆ ಸೇರುವುದು ಕಂಡರೆ ಕಾಯದೆ ಪಶುವೈದ್ಯರ ಹತ್ತಿರ ಹೋಗಿ.

ಮನೆಮದ್ದಿನ ಮಾತು ಬಂದಿದ್ದಕ್ಕೆ ಇನ್ನೂ ಕೆಲವನ್ನು ಇಲ್ಲೇ ಹೇಳುತ್ತೇನೆ, ಈ ಬಗ್ಗೆ ಪತ್ರ ಬರುತ್ತಲೇ ಇರುತ್ತವೆ. ಕಾಫಿ ಪುಡಿ ಚೆಲ್ಲಬೇಡಿ, ಕೆಫೀನ್ ನಾಯಿ ಬೆಕ್ಕು ಎರಡಕ್ಕೂ ವಿಷ. ಕರ್ಪೂರ, ನುಸಿಗುಳಿಗೆ ಬೇಡವೇ ಬೇಡ. ಮೆಣಸಿನ ಪುಡಿ ಹಾಕಿದರೆ ಇರುವೆ ಸುತ್ತಿ ಹೋಗುತ್ತದೆ, ಉರಿಯುವುದು ಮೂಸುವ ನಾಯಿಯ ಮೂಗು. ಉಪ್ಪಿನಿಂದ ಹೇಳಿಕೊಳ್ಳುವ ಪ್ರಯೋಜನ ಇಲ್ಲ, ನಾಯಿ ಜಾಸ್ತಿ ನೆಕ್ಕಿದರೆ ಅಪಾಯ. ಜೋಳದ ಹಿಟ್ಟು ತಿಂದ ಇರುವೆ ಹೊಟ್ಟೆ ಒಡೆದು ಸಾಯುತ್ತದೆ ಅನ್ನುವುದು ಸುಳ್ಳು. ಬೆಳೆದ ಇರುವೆ ಗಟ್ಟಿ ಆಹಾರ ನುಂಗುವುದೇ ಇಲ್ಲ, ಗೂಡಿನ ಮರಿಗಳಿಗೆ ಕೊಡುತ್ತದೆ, ಅವು ಆರಾಮಾಗಿ ಅರಗಿಸಿಕೊಳ್ಳುತ್ತವೆ.

ಎದುರಿಗೆ ಕಂಡ ಇರುವೆಯನ್ನು ತಕ್ಷಣ ತೆಗೆಯಬೇಕಾದರೆ ಪಾತ್ರೆ ತೊಳೆಯುವ ಸೋಪು ಒಂದು ಚಮಚ ಬೆರೆಸಿದ ನೀರು ಸಾಕು. ಇರುವೆಯೂ ಸಾಯುತ್ತದೆ, ವಾಸನೆಯ ಗೆರೆಯೂ ಹೋಗುತ್ತದೆ. ಆಮೇಲೆ ಬರೀ ನೀರಿನಲ್ಲಿ ಒಮ್ಮೆ ಒರೆಸಿಬಿಡಿ.

ಪ್ರಶ್ನೆ: ನಾಯಿಗೆ ಸೇಫ್ ಅಂತ ಡಬ್ಬಿ ಮೇಲೆ ಬರೆದಿದ್ದರೆ ಆ ಸ್ಪ್ರೇ ಬೆಕ್ಕಿರುವ ಮನೆಯಲ್ಲೂ ನಡೆಯುತ್ತದಾ? ಇರುವೆ ಚಾಕ್ ಆದರೆ?

ಉತ್ತರ: ನಡೆಯುವುದಿಲ್ಲ. ಡಬ್ಬಿಯ ಹಿಂದೆ ಸಣ್ಣಕ್ಷರದಲ್ಲಿ ಬರೆದಿರುವುದನ್ನು ಓದಿ. ಪರ್ಮೆಥ್ರಿನ್ ಅಂತ ಇದ್ದರೆ ಬೆಕ್ಕಿನ ಹತ್ತಿರವೂ ತರಬೇಡಿ. ನಾಯಿ ತಡೆದುಕೊಳ್ಳುವ ಈ ಔಷಧ ಬೆಕ್ಕಿಗೆ ನಡುಕ, ಫಿಟ್ಸ್ ತರುತ್ತದೆ, ಪ್ರಾಣವೂ ಹೋಗಬಹುದು. ಲಕ್ಷಣ ಕೆಲವೇ ಗಂಟೆಗಳಲ್ಲಿ ಕಾಣಬಹುದು, ಒಂದೆರಡು ದಿನ ತಡವಾಗಿಯೂ ಬರಬಹುದು. ಮೈಗೆ ತಾಗಿದ್ದರೆ ಉಗುರುಬೆಚ್ಚಗಿನ ನೀರು ಮತ್ತು ಪಾತ್ರೆ ಸೋಪಿನಿಂದ ತೊಳೆದು, ಒರೆಸಿ, ಬಟ್ಟೆಯಲ್ಲಿ ಸುತ್ತಿಕೊಂಡು ನೇರ ವೈದ್ಯರ ಬಳಿಗೆ. ಈಗಾಗಲೇ ನಡುಗುತ್ತಿದ್ದರೆ ಸ್ನಾನಕ್ಕೆ ಕೂರಬೇಡಿ, ಮೊದಲು ಹೊರಡಿ.

ಚಾಕ್ ನೋಡಲು ಮಕ್ಕಳ ಚಾಕ್‌ನಂತೆ ಇರುತ್ತದೆ, ಒಳಗಿರುವುದು ಸಾಮಾನ್ಯವಾಗಿ ಇದೇ ಗುಂಪಿನ ವಿಷ. ಗೆರೆ ಎಳೆದರೆ ಪುಡಿ ನೆಲದಲ್ಲೇ ಉಳಿಯುತ್ತದೆ, ಪಂಜಕ್ಕೆ ಅಂಟುತ್ತದೆ. ನನ್ನ ಮನೆಗೆ ತರುವುದಿಲ್ಲ, ನೀವೂ ತರಬೇಡಿ.

ಪ್ರಶ್ನೆ: ನಾಯಿಮರಿ ಆಮಿಷದ ಪ್ಲಾಸ್ಟಿಕ್ ಡಬ್ಬಿಯನ್ನೇ ಕಚ್ಚಿ ಪುಡಿ ಮಾಡಿತ್ತು. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಿದೆವು. ಸರಿ ಮಾಡಿದೆವಾ?

ಉತ್ತರ: ಮರಿ ಹುಷಾರಾಗಿದೆ ಅಂದುಕೊಳ್ಳುತ್ತೇನೆ. ಆದರೆ ಉಪ್ಪು ನೀರು ಇನ್ನು ಯಾವತ್ತೂ ಕುಡಿಸಬೇಡಿ. ಆಮಿಷಕ್ಕಿಂತ ಉಪ್ಪೇ ದೊಡ್ಡ ಅಪಾಯ ಆಗಬಹುದು, ರಕ್ತದಲ್ಲಿ ಸೋಡಿಯಂ ಏರಿ ಫಿಟ್ಸ್ ಬರುತ್ತದೆ. ವೈದ್ಯರು ಹೇಳದೆ ವಾಂತಿ ಮಾಡಿಸುವುದೇ ಬೇಡ.

ಇಂಥ ಡಬ್ಬಿಗಳಲ್ಲಿ ಔಷಧದ ಪ್ರಮಾಣ ಸಾಮಾನ್ಯವಾಗಿ ತೀರಾ ಕಡಿಮೆ, ಇರುವೆ ತೂಕಕ್ಕೆ ಲೆಕ್ಕ ಹಾಕಿ ಹಾಕಿರುತ್ತಾರೆ. ಹಾಗಾಗಿ ಎಷ್ಟೋ ಸಲ ವಿಷಕ್ಕಿಂತ ಪ್ಲಾಸ್ಟಿಕ್ ಚೂರೇ ಕರುಳಿಗೆ ಸಿಕ್ಕಿಕೊಂಡು ತೊಂದರೆ ಕೊಡುತ್ತದೆ. ಚೂರುಗಳನ್ನು ಜೋಡಿಸಿ ನೋಡಿ, ಎಷ್ಟು ಕಾಣೆಯಾಗಿದೆ ಗೊತ್ತಾಗುತ್ತದೆ. ವೈದ್ಯರಿಗೆ ಫೋನ್ ಮಾಡುವಾಗ ಪ್ಯಾಕೆಟ್ ಕೈಯಲ್ಲಿರಲಿ, ಯಾವ ಔಷಧ, ಎಷ್ಟು ಹೊತ್ತಾಯಿತು, ಮರಿಯ ತೂಕ ಎಷ್ಟು, ಈ ಮೂರನ್ನೇ ಅವರು ಮೊದಲು ಕೇಳುವುದು. ಆಮೇಲಿನ ದಿನಗಳಲ್ಲಿ ಮತ್ತೆ ಮತ್ತೆ ವಾಂತಿ, ಊಟ ಬೇಡ ಅನ್ನುವುದು, ಮಲ ಕಟ್ಟುವುದು ಕಂಡರೆ ತಡ ಮಾಡಬೇಡಿ.

ಪ್ರಶ್ನೆ: ಗಿಳಿಯ ಪಂಜರಕ್ಕೆ ಇರುವೆ ಹತ್ತುತ್ತಿದೆ. ಅದೇ ಕೋಣೆಯಲ್ಲಿ ಮೀನಿನ ತೊಟ್ಟಿಯೂ ಇದೆ. ಒಮ್ಮೆ ಮಾತ್ರ ಸ್ಪ್ರೇ ಹೊಡೆದು ಕಿಟಕಿ ತೆರೆದಿಟ್ಟರೆ ಸಾಕಾ?

ಉತ್ತರ: ಬೇಡ. ಹಕ್ಕಿಗೆ ಶ್ವಾಸಕೋಶದ ಜೊತೆ ಗಾಳಿಚೀಲಗಳೂ ಇವೆ, ಗಾಳಿಯಲ್ಲಿ ಏನಿದ್ದರೂ ಅದರ ಮೈಗೆ ಬೇಗ ಸೇರುತ್ತದೆ. ಇರುವೆ ಸ್ಪ್ರೇಗಳ ಔಷಧ ಮೀನಿಗಂತೂ ತುಂಬಾ ಕಡಿಮೆ ಪ್ರಮಾಣದಲ್ಲೇ ಮಾರಕ, ತೊಟ್ಟಿಯ ಏರ್ ಪಂಪ್ ಕೋಣೆಯ ಗಾಳಿಯನ್ನೇ ನೀರಿಗೆ ಎಳೆದು ಹಾಕುತ್ತದೆ. ಪಂಜರವನ್ನು ಗೋಡೆಯಿಂದ ಸರಿಸಿ, ಪರದೆ, ವಯರ್ ಯಾವುದೂ ತಾಗದಂತೆ ಸ್ಟ್ಯಾಂಡ್ ಮೇಲೆ ಇಡಿ. ಸ್ಟ್ಯಾಂಡಿನ ಪ್ರತಿ ಕಾಲಿಗೂ ನೀರು ತುಂಬಿದ ಬಟ್ಟಲು ಕೊಡಿ. ಹಕ್ಕಿಯ ಕೊಕ್ಕು ಅಲ್ಲಿಗೆ ತಲುಪುವುದಿಲ್ಲವಾದ್ದರಿಂದ ಇಲ್ಲಿ ಒಂದು ಹನಿ ಸೋಪು ಹಾಕಬಹುದು, ಇರುವೆ ತೇಲಿ ದಾಟದೆ ಮುಳುಗುತ್ತದೆ. ಮನೆಯಲ್ಲಿ ನಾಯಿ ಬೆಕ್ಕೂ ಇದ್ದರೆ ಸೋಪು ಬಿಡಿ. ಕೆಳಗೆ ಉದುರಿದ ಕಾಳು, ಹಣ್ಣಿನ ಚೂರು ದಿನಾ ಸಂಜೆ ತೆಗೆಯಿರಿ. ಆಮಿಷದ ಡಬ್ಬಿ ಬೇರೆ ಕೋಣೆಯಲ್ಲಿ, ಸಾಲು ಹುಟ್ಟುವ ಜಾಗದಲ್ಲಿ ಇರಲಿ.

ಪ್ರಶ್ನೆ: ಡಯಾಟಮೇಶಿಯಸ್ ಅರ್ತ್ ಪುಡಿ ಬಗ್ಗೆ ನಿಮ್ಮ ಅಭಿಪ್ರಾಯ?

ಉತ್ತರ: ಇದು ಡಯಾಟಮ್ ಅನ್ನುವ ಸೂಕ್ಷ್ಮ ಪಾಚಿಯ ಪಳೆಯುಳಿಕೆಯ ನುಣ್ಣನೆ ಪುಡಿ. ಸಂದಿಯೊಳಗೆ, ಫ್ರಿಜ್ ಹಿಂದೆ, ಒಣ ಜಾಗದಲ್ಲಿ ತೆಳ್ಳಗೆ ಹಾಕಿದರೆ ಪರವಾಗಿಲ್ಲ. ಇರುವೆಯ ಮೈಮೇಲಿನ ಮೇಣದ ಪದರ ಹಾಳಾಗಿ ಅದು ಒಣಗಿ ಸಾಯುತ್ತದೆ, ಒದ್ದೆಯಾದರೆ ಕೆಲಸ ಮಾಡುವುದಿಲ್ಲ. ಫುಡ್ ಗ್ರೇಡ್ ಮಾತ್ರ ತನ್ನಿ, ಈಜುಕೊಳದ ಫಿಲ್ಟರ್‌ಗೆ ಬಳಸುವುದು ಬೇರೆ, ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಫುಡ್ ಗ್ರೇಡ್ ಆದರೂ ಧೂಳು ಎದ್ದರೆ ನಾಯಿಗೂ ನಮಗೂ ಕೆಮ್ಮು. ಓಡಾಡುವ ನೆಲಕ್ಕೆ, ಮಲಗುವ ಹಾಸಿಗೆಗೆ ಉದುರಿಸಬೇಡಿ.

ಪ್ರಶ್ನೆ: ಬೆಕ್ಕು ಮೂರು ಮರಿ ಹಾಕಿ ನಾಲ್ಕು ದಿನ ಆಯಿತು. ನಿನ್ನೆ ರಾತ್ರಿ ಮರಿಗಳ ಮೇಲೆ ಕೆಂಪಿರುವೆ ಕಂಡಿತು.

ಉತ್ತರ: ಇದಕ್ಕೆ ಕಾಯುವಂತಿಲ್ಲ. ದೊಡ್ಡ ನಾಯಿ, ಬೆಕ್ಕು ಊಟದ ಜೊತೆ ನಾಲ್ಕು ಇರುವೆ ನುಂಗಿದರೆ ಏನೂ ಆಗುವುದಿಲ್ಲ. ಕಣ್ಣು ಬಿಡದ ಮರಿ ಹಾಗಲ್ಲ, ಕಚ್ಚಿದರೆ ಓಡಲಾರದು, ಕೊಡವಿಕೊಳ್ಳಲಾರದು. ಕೈಯಿಂದ ಒಂದೊಂದೇ ಇರುವೆ ತೆಗೆಯಿರಿ, ಕಣ್ಣು, ಬಾಯಿ, ಹೊಕ್ಕಳು, ಬಾಲದ ಕೆಳಗೆ ನೋಡಿ. ಮರಿಗಳ ಮೈಗೆ ಪುಡಿ, ಎಣ್ಣೆ, ಮುಲಾಮು ಏನೂ ಹಚ್ಚಬೇಡಿ, ತಾಯಿ ನೆಕ್ಕುತ್ತದೆ. ಹೆರಿಗೆಯ ಕೊಳೆ ಮತ್ತು ಹಾಲಿನ ವಾಸನೆಗೆ ಇರುವೆ ಬಂದಿರುತ್ತದೆ, ಹಾಗಾಗಿ ಹಾಸಿದ ಬಟ್ಟೆಯನ್ನು ಪೂರ್ತಿ ತೆಗೆದು ಒಗೆದ ಬಟ್ಟೆ ಹಾಸಿ. ಪೆಟ್ಟಿಗೆಯನ್ನು ಸ್ಟೂಲಿನ ಮೇಲೇರಿಸಿ ಸ್ಟೂಲಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿಡಿ, ತಾಯಿ ಹತ್ತಿ ಇಳಿಯಲು ಆಗುತ್ತದಾ ನೋಡಿಕೊಳ್ಳಿ. ಆ ನೀರಿಗೆ ಏನೂ ಬೆರೆಸಬೇಡಿ. ಮೈ ಊದಿದ್ದರೆ, ಹಾಲು ಕುಡಿಯದಿದ್ದರೆ, ಮೈ ತಣ್ಣಗಾಗಿದ್ದರೆ ಮರಿಗಳನ್ನು ಬೆಚ್ಚಗೆ ಸುತ್ತಿ ತಾಯಿಯ ಜೊತೆಗೇ ವೈದ್ಯರ ಹತ್ತಿರ ಕರೆದೊಯ್ಯಿರಿ. ಇವತ್ತು ರಾತ್ರಿ ಎರಡು ಮೂರು ಸಲ ಎದ್ದು ಟಾರ್ಚ್ ಹಾಕಿ ನೋಡಿ.