ಶಾಸಕ ಕೃಷ್ಣ ಅಯ್ಯರ್ ಎಲ್ಲಿ? ಸಂಪಾದಕರ ಉತ್ತರ

ಮಾನ್ಯರೇ,

ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದ ವಿ.ಆರ್. ಕೃಷ್ಣ ಅಯ್ಯರ್ ಅವರನ್ನು ಕುರಿತ ನಮ್ಮ ಲೇಖನವನ್ನು ಓದಿ ತಾವು ಎರಡು ಆಕ್ಷೇಪಗಳನ್ನು ಎತ್ತಿದ್ದೀರಿ. ವಕೀಲಿಕೆಯಿಂದ ಶಾಸನಸಭೆಗೆ ಹೋಗಿ ಮಂತ್ರಿಯೂ ಆಗಿದ್ದವರ ಆ ವರ್ಷಗಳಿಗೆ ಎರಡೇ ವಾಕ್ಯ ಏಕೆ ಎಂಬುದು ಒಂದು. ಕಮ್ಯುನಿಸ್ಟ್ ಸರ್ಕಾರದ ಮಂತ್ರಿ ನ್ಯಾಯಪೀಠ ಏರಿದ್ದನ್ನು ಒಂದು ಪ್ರಶ್ನೆಯನ್ನೂ ಕೇಳದೆ ಹೊಗಳಿದ್ದು ಸರಿಯೇ ಎಂಬುದು ಇನ್ನೊಂದು. ಮೊದಲನೆಯದು ನಮ್ಮದೇ ತಪ್ಪು. ಅದನ್ನು ತಿದ್ದಿಕೊಳ್ಳದೆ ಎರಡನೆಯದಕ್ಕೆ ಉತ್ತರಿಸಲಾಗದು.

ತಲಶ್ಶೇರಿಯಲ್ಲಿ ವಕೀಲಿಕೆ ನಡೆಸುತ್ತಿದ್ದ ಕೃಷ್ಣ ಅಯ್ಯರ್ ಕಾರ್ಮಿಕರ, ಗೇಣಿದಾರರ, ಕಮ್ಯುನಿಸ್ಟರ ಪರವಾಗಿ ನ್ಯಾಯಾಲಯದಲ್ಲಿ ನಿಲ್ಲುತ್ತಿದ್ದರು. ಕಮ್ಯುನಿಸ್ಟರಿಗೆ ನೆರವಾದರೆಂಬ ಆರೋಪದ ಮೇಲೆ 1948ರಲ್ಲಿ ಸುಮಾರು ಒಂದು ತಿಂಗಳು ಜೈಲಿನಲ್ಲಿದ್ದರು. 1952ರಲ್ಲಿ ಕೂತ್ತುಪರಂಬದಿಂದ ಪಕ್ಷೇತರರಾಗಿ ಮದ್ರಾಸ್ ವಿಧಾನಸಭೆಗೆ ಆಯ್ಕೆಯಾದರು. ಈ ಊರುಗಳಿರುವ, ಇಂದು ಕೇರಳದ ಭಾಗವಾಗಿರುವ ಮಲಬಾರ್ ಆಗ ಮದ್ರಾಸ್ ರಾಜ್ಯದಲ್ಲಿತ್ತು. ನಮ್ಮ ದಕ್ಷಿಣ ಕನ್ನಡದ ಶಾಸಕರೂ ಕೂರುತ್ತಿದ್ದುದು ಅದೇ ಸಭೆಯಲ್ಲಿ ಎಂಬುದನ್ನು ನಾವೀಗ ಮರೆತೇಬಿಟ್ಟಿದ್ದೇವೆ.

1957ರಲ್ಲಿ ಅವರು ಕಮ್ಯುನಿಸ್ಟರ ಬೆಂಬಲದಿಂದ, ಆದರೆ ಮತ್ತೆ ಪಕ್ಷೇತರರಾಗಿಯೇ, ತಲಶ್ಶೇರಿಯಿಂದ ಕೇರಳ ವಿಧಾನಸಭೆಗೆ ಗೆದ್ದು ಕಮ್ಯುನಿಸ್ಟ್ ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡ್ ಅವರ ಸಂಪುಟ ಸೇರಿದರು. ಕಾನೂನು, ಗೃಹ, ನೀರಾವರಿ, ವಿದ್ಯುತ್ ಖಾತೆಗಳ ಜೊತೆಗೆ, ಸಾಮಾನ್ಯವಾಗಿ ಯಾವ ಮಂತ್ರಿಯೂ ಬಯಸಿ ಕೇಳದ ಬಂದೀಖಾನೆ ಖಾತೆಯೂ ಅವರ ಪಾಲಿಗೆ ಬಂತು. 1959ರ ಜುಲೈ 31ರಂದು ಕೇಂದ್ರ ಆ ಸರ್ಕಾರವನ್ನು ವಜಾ ಮಾಡಿತು. 1960ರ ಚುನಾವಣೆಯಲ್ಲಿ ಬಹಳ ಸಣ್ಣ ಅಂತರದಿಂದ ಸೋತರೆಂದು ಘೋಷಣೆಯಾದಾಗ ಅವರು ಚುನಾವಣಾ ತಕರಾರು ಅರ್ಜಿ ಹಾಕಿದರು. ಮತಗಳ ಮರುಎಣಿಕೆಯಾಗಿ 1961ರಲ್ಲಿ ಗೆದ್ದವರು ಅವರೇ ಎಂದು ತೀರ್ಮಾನವಾಯಿತು. 1965ರಲ್ಲಿ ಸೋತ ಮೇಲೆ ಮತ್ತೆ ಕರಿಕೋಟು ತೊಟ್ಟರು. 1968ರಲ್ಲಿ ಕೇರಳ ಹೈಕೋರ್ಟಿನ, 1973ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. ತಾವು ಈಗ ವ್ಯಕ್ತಪಡಿಸಿರುವ ಸಂದೇಹವನ್ನೇ ಆಗ ಕೆಲವು ಹಿರಿಯ ವಕೀಲರೂ ವ್ಯಕ್ತಪಡಿಸಿದ್ದರು.

ಆ ಸಂದೇಹಕ್ಕೆ ಪರೀಕ್ಷೆ ಎದುರಾದದ್ದು 1975ರ ಜೂನ್ 24ರಂದು. ಅಲಹಾಬಾದ್ ಹೈಕೋರ್ಟ್ ಇಂದಿರಾ ಗಾಂಧಿಯವರ ಆಯ್ಕೆಯನ್ನು ಅಸಿಂಧುಗೊಳಿಸಿತ್ತು. ರಜಾಕಾಲದ ನ್ಯಾಯಮೂರ್ತಿಯಾಗಿ ಒಬ್ಬರೇ ಕುಳಿತಿದ್ದ ಕೃಷ್ಣ ಅಯ್ಯರ್ ಅವರ ಮುಂದೆ ತಡೆಯಾಜ್ಞೆಯ ಅರ್ಜಿ ಬಂತು. ತಮ್ಮದೇ ಶಾಸಕ ಸ್ಥಾನ ಒಂದು ತಕರಾರು ಅರ್ಜಿಯಿಂದ ನಿರ್ಧಾರವಾದದ್ದನ್ನು ಕಂಡಿದ್ದ ವ್ಯಕ್ತಿಯ ಮುಂದೆ ದೇಶದ ಪ್ರಧಾನಿಯ ಚುನಾವಣಾ ತಕರಾರು! ಪ್ರಧಾನಿಯಾಗಿ ಮುಂದುವರಿಯಬಹುದು, ಸದನದಲ್ಲಿ ಮಾತನಾಡಬಹುದು, ಆದರೆ ಸಂಸದೆಯಾಗಿ ಮತ ಹಾಕುವಂತಿಲ್ಲ, ಆ ಸ್ಥಾನದ ಸಂಬಳ ಪಡೆಯುವಂತಿಲ್ಲ ಎಂದು ಅವರು ಷರತ್ತು ಹಾಕಿದರು. ಕೃಷ್ಣ ಅಯ್ಯರ್ ಮಂತ್ರಿಯಾಗಿದ್ದ ಸರ್ಕಾರ 1959ರಲ್ಲಿ ವಜಾ ಆಗುವುದಕ್ಕೆ ಒತ್ತಾಯಿಸಿದವರಲ್ಲಿ ಅಂದು ಕಾಂಗ್ರೆಸ್ ಅಧ್ಯಕ್ಷೆಯಾಗಿದ್ದ ಇಂದಿರಾ ಅವರೂ ಇದ್ದರು ಎಂಬುದನ್ನು ನೆನೆದರೆ, ಆ ಆದೇಶದಲ್ಲಿ ಹಳೆಯ ಸೇಡೂ ಕಾಣುವುದಿಲ್ಲ, ಹೊಸ ಋಣವೂ ಕಾಣುವುದಿಲ್ಲ. ಮರುದಿನ ರಾತ್ರಿ ತುರ್ತು ಪರಿಸ್ಥಿತಿ ಬಂತು.

ಆದರೆ ಹಳೆಯ ಶಾಸಕ ನಮಗೆ ಹೆಚ್ಚು ಸ್ಪಷ್ಟವಾಗಿ ಕಾಣುವುದು ಇಷ್ಟು ಪ್ರಸಿದ್ಧವಲ್ಲದ ಒಂದು ಪ್ರಕರಣದಲ್ಲಿ. ಮಧ್ಯಪ್ರದೇಶದ ಮೋತಿರಾಮ್ ಎಂಬ ಗಾರೆ ಕೆಲಸಗಾರನಿಗೆ ಸುಪ್ರೀಂ ಕೋರ್ಟ್ ಜಾಮೀನು ಕೊಟ್ಟಿತ್ತು. ಮ್ಯಾಜಿಸ್ಟ್ರೇಟರು ಹತ್ತು ಸಾವಿರ ರೂಪಾಯಿಯ ಭದ್ರತೆ ಕೇಳಿದರು; ಅಣ್ಣತಮ್ಮಂದಿರಲ್ಲೊಬ್ಬನು ಜಾಮೀನು ನಿಲ್ಲಲು ಬಂದರೆ, ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಒಪ್ಪಲಿಲ್ಲ. 1978ರ ತೀರ್ಪಿನಲ್ಲಿ ಕೃಷ್ಣ ಅಯ್ಯರ್, ಒಬ್ಬ ಮಲಯಾಳಿಯೋ ಕನ್ನಡಿಗನೋ ತಮಿಳನೋ ತೆಲುಗನೋ ಬಸ್ತರಿನಲ್ಲೋ ಪೋರ್ಟ್ ಬ್ಲೇರಿನಲ್ಲೋ ಬಂಧನಕ್ಕೊಳಗಾದರೆ ಅಲ್ಲಿ ಆಸ್ತಿಯುಳ್ಳ ಜಾಮೀನುದಾರನನ್ನು ಎಲ್ಲಿಂದ ತರಬೇಕು ಎಂದು ಕೇಳಿ, ಸಾವಿರ ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಅವನನ್ನು ಬಿಡಿಸಿದರು. ಮರುವರ್ಷ, ತಿಹಾರ್ ಜೈಲಿನಲ್ಲಿ ಸಹಕೈದಿಯೊಬ್ಬನಿಗೆ ಆದ ಹಿಂಸೆಯ ಬಗ್ಗೆ ಸುನಿಲ್ ಬಾತ್ರಾ ಬರೆದ ಪತ್ರವನ್ನೇ ನ್ಯಾಯಾಲಯ ಅರ್ಜಿಯೆಂದು ಸ್ವೀಕರಿಸಿದಾಗ, ಜೈಲುಗಳಲ್ಲಿ ದೂರು ಪೆಟ್ಟಿಗೆ ಇಡಬೇಕೆಂದು ಸೂಚಿಸಿದವರೂ ಅವರೇ. ದೂರು ಪೆಟ್ಟಿಗೆಯಂಥ ಸಣ್ಣ ವಿವರ, ಕೈದಿಯಾಗಿಯೂ ಬಂದೀಖಾನೆ ಮಂತ್ರಿಯಾಗಿಯೂ ಜೈಲನ್ನು ಕಂಡವರಿಗೆ ಹೊಳೆಯುವಂಥದು ಎಂದು ನಮಗನ್ನಿಸುತ್ತದೆ.

ತಮ್ಮ ಆಕ್ಷೇಪಕ್ಕೆ ನಿಜವಾದ ನೆಲೆಯಿರುವುದು ಪಕ್ಷಪಾತದಲ್ಲಲ್ಲ, ಬೇರೆ ಕಡೆ. ಬೆಂಗಳೂರು ಜಲಮಂಡಲಿ ತನ್ನ ನೌಕರರಾದ ಎ. ರಾಜಪ್ಪ ಮತ್ತಿತರರಿಗೆ ದಂಡ ವಿಧಿಸಿ ಹಣ ವಸೂಲು ಮಾಡಿದ ಪ್ರಕರಣ ಏಳು ನ್ಯಾಯಮೂರ್ತಿಗಳ ಪೀಠದವರೆಗೆ ಹೋದಾಗ, 1978ರಲ್ಲಿ ಮುಖ್ಯ ತೀರ್ಪು ಬರೆದ ಕೃಷ್ಣ ಅಯ್ಯರ್, ಕಾರ್ಮಿಕರಿಗೆ ರಕ್ಷಣೆ ಕೊಡುವ ಕೈಗಾರಿಕಾ ವಿವಾದ ಕಾಯ್ದೆಯಲ್ಲಿನ ‘ಕೈಗಾರಿಕೆ’ ಎಂಬ ಪದದ ಅರ್ಥವನ್ನು ಆಸ್ಪತ್ರೆ, ಶಾಲೆಗಳವರೆಗೂ ಹಿಗ್ಗಿಸಿದರು. ದುಡಿಯುವವರಿಗೆ ಅದರಿಂದ ಒಳಿತಾಯಿತು, ನಿಜ. ಆದರೆ ಅಲ್ಲಿ ಲೇಖನಿ ಹಿಡಿದದ್ದು ನ್ಯಾಯಾಧೀಶರ ಕೈಯೋ ಶಾಸಕರ ಕೈಯೋ ಎಂದು ಕೇಳಿದರೆ ನಾವು ತಡವರಿಸಬೇಕಾಗುತ್ತದೆ. 1982ರಲ್ಲಿ ಸಂಸತ್ತು ಆ ವ್ಯಾಖ್ಯೆಯನ್ನು ಕಿರಿದುಗೊಳಿಸಿ ತಿದ್ದುಪಡಿ ಮಾಡಿತು. ಸರ್ಕಾರಗಳು ಅದನ್ನು ದಶಕಗಳವರೆಗೂ ಜಾರಿಗೆ ತರಲಿಲ್ಲ.

ಪುಟಗಳ ಅಭಾವದಿಂದ ನಾವು ಕೈಬಿಟ್ಟಿದ್ದ ತಲಶ್ಶೇರಿಯ ದಿನಗಳ ಭಾಗವನ್ನು ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.

— ಸಂಪಾದಕ